ಹಿನ್ನೆಲೆ ಬಿಳಿ ಇರತಕ್ಕದ್ದು

ಆರು ಅಡಿ ಅಗಲದ ಸೂರ್ಯ ಬೇಕಂತೆ
ಹೊಸ ರೆಸಾರ್ಟಿನ ಮುಂಬಾಗಿಲ ಗೋಡೆಗೆ.
"ಬಂಗಾರದ ಹಾಗಿರಲಿ, ನೀರೂ ಬರಲಿ,
ಮನುಷ್ಯರು ಬೇಡ" ಅಂದರು ಮ್ಯಾನೇಜರು.
ಅಡ್ವಾನ್ಸು ಎರಡು ಸಾವಿರ.

ಅಪ್ಪ ಇದ್ದಿದ್ದರೆ ನಗುತ್ತಿದ್ದ.
ಸುಂಟಿಕೊಪ್ಪದ ಸಂತೆ ಬೀದಿಯ ಸ್ಟುಡಿಯೋದಲ್ಲಿ
ಮೂವತ್ತೊಂದು ವರ್ಷ
ಮದುಮಕ್ಕಳನ್ನು, ಹೆಣಗಳನ್ನು, ಗಲ್ಫಿಗೆ ಹೊರಟ ಹುಡುಗರನ್ನು
ನಿಲ್ಲಿಸಿ, ಮಲಗಿಸಿ, ಕೂರಿಸಿ ತೆಗೆದವನು
ಮುಳುಗುವ ಸೂರ್ಯನತ್ತ ಒಮ್ಮೆಯೂ ಲೆನ್ಸು ತಿರುಗಿಸಲಿಲ್ಲ.
"ಅವನೇನು ಪ್ರಿಂಟಿಗೆ ದುಡ್ಡು ಕೊಡ್ತಾನಾ?"

ನಾಲ್ಕು ಸಂಜೆ ಚಿಕ್ಲಿಹೊಳೆಗೆ ಸ್ಕೂಟರ್ ಓಡಿಸಿದೆ.
ಮೊದಲ ದಿನ ಮೋಡ. ಎರಡನೆಯ ದಿನ ಬ್ಯಾಟರಿ.
ಮೂರನೆಯ ದಿನ ಆನೆ ಇಳಿದಿದೆ ಅಂತ ಗಾರ್ಡ್ ಪೂವಯ್ಯ
ಐದೂವರೆಗೇ ಶಿಳ್ಳೆ ಊದಿ ಓಡಿಸಿದ.
ನಾಲ್ಕನೆಯ ದಿನ ಸೂರ್ಯನೇನೋ ಬಂದ,
ಜ್ವರ ಬಿಟ್ಟೆದ್ದವನ ಹಾಗೆ ಬಿಳಿಚಿಕೊಂಡು;
ಇರಲಿ ಅಂತ ಎರಡು ಕ್ಲಿಕ್ ಮಾಡಿಟ್ಟೆ.

ಐದನೆಯ ಸಂಜೆ,
ಹೇಗೆ ಹೇಳಲಿ,
ಕಮಾನಿನ ಕೋಡಿಯಿಂದ ಆಚೆ ದಡದ ಕಾಡಿನ ತನಕ
ನೀರು ನೀರಾಗಿರಲಿಲ್ಲ.
ಸತ್ತು ನಿಂತ ಮರಗಳ ಮೊಳಕಾಲಿನವರೆಗೆ
ಯಾರೋ ಬಿಸಿ ಬೆಲ್ಲದ ಪಾಕ ಹೊಯ್ದು
ಆರಲು ಬಿಟ್ಟಂತಿತ್ತು.
ಸೂರ್ಯನಿಗೂ ಬೆಟ್ಟಕ್ಕೂ ನಡುವೆ ಬೆರಳು ಅಡ್ಡ ಹಿಡಿದು ಅಳೆದೆ.
ಅಪ್ಪನ ಲೆಕ್ಕ: ಬೆರಳಿಗೆ ಕಾಲು ಗಂಟೆ.
ಒಂದೇ ಬೆರಳು ಉಳಿದಿತ್ತು.

ಟ್ರೈಪಾಡ್ ಊರಿ, ಉಸಿರು ಹಿಡಿದು, ಇನ್ನೇನು ಒತ್ತಬೇಕು,
ಪಾಕದ ನಟ್ಟನಡುವೆ
ಗಿರ್ರನೆ ತಿರುಗುತ್ತಾ ಒಂದು ಹರಿಗೋಲು,
ಹಿಂದೆ ಕಪ್ಪು ಗೆರೆ ಕೊಯ್ಯುತ್ತಾ.

"ಆಚೆ ಹೋಗೀ!" ಅಂತ ಕೈಬೀಸಿದೆ.
ದೂರದಿಂದ ನೋಡುವವರಿಗೆ
ಆಚೆ ಹೋಗಿ ಅನ್ನುವ ಕೈಯೂ ಈಚೆ ಬನ್ನಿ ಅನ್ನುವ ಕೈಯೂ ಒಂದೇ.
ಬೀರಾನಿಕ್ಕ ಈಚೆಗೇ ಬಂದರು.

"ಮೋಳೇ, ಕರೆದದ್ದು ಒಳ್ಳೇದಾಯ್ತು.
ಮೀನಿನ ಲೈಸೆನ್ಸಿಗೆ ಫೋಟೋ ಬೇಕು,
ನಾಳೆ ಕಡೇ ದಿನ. ಹಿನ್ನೆಲೆ ಬಿಳಿ ಇರಬೇಕಂತೆ."

ಅರ್ಧ ಬೆರಳು.
ಬೈಯಲು ಬಾಯಿ ತೆರೆದೆ.
ಗಡ್ಡಕ್ಕೆ ಅಂಟಿದ ಮೀನಿನ ಹುರುಪೆ ಒರೆಸಿ
ಕತ್ತಿನ ಗುಂಡಿ ಹಾಕಿ
ಅವರಾಗಲೇ ನೆಟ್ಟಗೆ ನಿಂತುಬಿಟ್ಟಿದ್ದರು.

ತಲೆಗೆ ಸುತ್ತಿದ್ದ ಬಿಳಿ ಮುಂಡಾಸನ್ನು ಬಿಚ್ಚಿಸಿ
ಪೂವಯ್ಯನ ಕೈಗೆ ಕೊಟ್ಟೆ; ಶಿಳ್ಳೆ ಕಚ್ಚಿಕೊಂಡೇ
ಇಕ್ಕನ ಬೆನ್ನ ಹಿಂದೆ ಅಗಲಿಸಿ ಹಿಡಿದ.
ಮುಖವೆಲ್ಲ ಕತ್ತಲು.
ಮೀನಿನ ಪೆಟ್ಟಿಗೆಯ ಅಲ್ಯುಮಿನಿಯಂ ಮುಚ್ಚಳವನ್ನು
ಕಾಲಿನಿಂದ ಒತ್ತಿ ವಾಲಿಸಿದೆ.
ಒಂದು ಹಿಡಿ ಬೆಳಕು ಹೋಗಿ ಕೆನ್ನೆಯ ಮೇಲೆ ಕೂತಿತು.
"ನಗಬೇಡಿ ಇಕ್ಕ."
"ನಗ್ತಿಲ್ಲ. ಕಣ್ಣು ಚುಚ್ತಿದೆ."

ತೆಗೆದೆ. ಕ್ಯಾಮೆರಾ ಇಳಿಸಿ ನೋಡಿದರೆ
ಬೆಟ್ಟದ ಹಿಂದೆ ಯಾರೋ ಬಾಗಿಲು ಹಾಕಿಕೊಂಡಾಗಿತ್ತು.
ನೀರು ಮತ್ತೆ ನೀರು, ಸೀಸದ ಬಣ್ಣ.

ರಾತ್ರಿಯೇ ಪ್ರಿಂಟ್ ಹಾಕಿಕೊಟ್ಟೆ. ಮರುದಿನ ಹನ್ನೆರಡಕ್ಕೆ
ಇಕ್ಕ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು.
ಆಫೀಸಿನವರು ವಾಪಸು ತಳ್ಳಿದ್ದರು:
ಹಿನ್ನೆಲೆ ಹಳದಿ.
ಹೌದು. ಬಟ್ಟೆಯ ನೂಲು ನೂಲಿನಿಂದ ತೂರಿ
ಸೂರ್ಯ ಒಳಗೆ ಬಂದಿದ್ದ;
ಕಿವಿಗಳೆರಡೂ ಒಳಗಿಂದ ದೀಪ ಹಚ್ಚಿದಷ್ಟು ಕೆಂಪಗೆ.
ಅಪ್ಪನ ಪರದೆಯ ಮುಂದೆ ಸ್ಟೂಲಿನಲ್ಲಿ ಕೂರಿಸಿ
ಟ್ಯೂಬ್‌ಲೈಟಿನಲ್ಲಿ ಇನ್ನೊಂದು ತೆಗೆದೆ,
ಎಲ್ಲರ ಹಾಗೆ ಕಾಣುವಂಥದ್ದು. ಅದು ಪಾಸಾಯಿತು.

ರೆಸಾರ್ಟಿಗೆ ನಾಲ್ಕನೆಯ ದಿನದ ಜ್ವರದ ಸೂರ್ಯನನ್ನೇ
ಕಂಪ್ಯೂಟರಿನಲ್ಲಿ ಬಂಗಾರ ಬಳಿದು ಕೊಟ್ಟೆ.
ಅದರ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ.
ಬಾಕಿ ದುಡ್ಡೂ ಬಂತು.

ಆ ಸಂಜೆಯದ್ದು ಇರುವುದು
ಎಂಟು ಪ್ರಿಂಟುಗಳಲ್ಲಿ, ಒಂದೊಂದೂ ಬೆಂಕಿಪೊಟ್ಟಣದಷ್ಟು.
"ರದ್ದಾದದ್ದಕ್ಕೆ ದುಡ್ಡು ಬೇಡ" ಅಂದರೂ ಕೇಳದೆ
ಪೇಪರು ಸುತ್ತಿದ ಕಾಟ್ಲಾ ಮೀನನ್ನು ಕೌಂಟರಿನ ಮೇಲಿಟ್ಟು
ಇಕ್ಕ ಏಳನ್ನು ಜೇಬಿಗಿಳಿಸಿದರು.
ಕತ್ತರಿ ಜಾರಿ ಅಂಚು ಹೆಚ್ಚಾಗಿ ಉಳಿದಿದ್ದ ಒಂದನ್ನು
ಬೆಳಕಿಗೆ ಹಿಡಿದು, ನನ್ನತ್ತ ಸರಿಸಿ,
"ಇದು ಇಲ್ಲೇ ಇರಲಿ" ಅಂದರು.
"ಎಡಗಡೆ ನೋಡು ಮೋಳೇ,
ಪೂವಯ್ಯನ ಹೆಬ್ಬೆರಳು ಬಂದಿದೆ."