ಯಾವ ಗುಂಪು

ಸೋಮವಾರ, ಗುರುವಾರ ಬೆಳಗಿನ ಆರಕ್ಕೆ
ಬೈತಖೋಲದಲ್ಲಿ ಟೆಂಪೋ ಹತ್ತುತ್ತೇನೆ.
ಹಿಂದೆ ಐಸು, ಬಂಗಡೆ; ಮುಂದೆ ಉಲ್ಲಾಸನ ಬೈಗುಳ.
ದೊಡ್ಡಾಸ್ಪತ್ರೆಯ ಗೇಟಲ್ಲಿ ಇಳಿಸಿ
ದುಡ್ಡು ಇಟ್ಟುಕೋ ಮಾರಾಯ ಅನ್ನುತ್ತಾನೆ.

ಮೂರನೇ ನಂಬರಿನ ಯಂತ್ರ ನನ್ನದು.
ನಾಲ್ಕು ತಾಸು ಹೊರಗೆ ಅಲೆದು, ತೊಳೆದುಕೊಂಡು,
ಮೈಗೆ ವಾಪಸು ಬರುತ್ತದೆ ರಕ್ತ
ಸ್ವಲ್ಪ ತಣ್ಣಗಾಗಿ.
ಎಡಗೈಯಲ್ಲಿ ಡಾಕ್ಟರು ಹೊಲಿದ ನಾಳಕ್ಕೆ ಕಿವಿ ಇಟ್ಟರೆ
ದೇವಗಡ ದ್ವೀಪದ ಆಚೆ ಎಲ್ಲೋ
ಬೋಟಿನ ಎಂಜಿನ್ನು.

ದಿನಕ್ಕೆ ನಾಲ್ಕು ಲೋಟ ನೀರು.
ಶೇವಂತಿ ತಂಬಿಗೆಯ ಒಳಗೆ ಮೊಳೆಯಿಂದ ಗೆರೆ ಕೊರೆದಿದ್ದಾಳೆ.
ಇಡೀ ಸಮುದ್ರ ಹೊಸ್ತಿಲ ತನಕ ಬಂದು ಹೋಗುತ್ತದೆ,
ನಾನು ಗೆರೆ ನೋಡುತ್ತೇನೆ.

ತನ್ನದೊಂದು ಕೊಡುತ್ತೇನೆ ಅಂತ ಹೊರಟಳು. ಹೊಂದಲಿಲ್ಲ.
ಮೂವತ್ತೊಂದು ವರ್ಷ ಒಂದೇ ಮಡಕೆಯ ಸಾರು ಉಂಡೂ
ಹೊಂದಲಿಲ್ಲ.
ಪಟ್ಟಿಯಲ್ಲಿ ಹೆಸರು ಬರೆಸಿದೆವು.
ಪಟ್ಟಿ ಅಂದರೇನು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ:
ಯಾರದೋ ಬೈಕು, ಯಾವುದೋ ತಿರುವು,
ಯಾರದೋ ತಾಯಿ ಕಾಗದಕ್ಕೆ ಸಹಿ ಹಾಕುವುದು.

ಕಾರ್ತಿಕದಲ್ಲಿ ಅರ್ಗಾ ಹತ್ತಿರ ಲಾರಿ ಹೊಡೆಯಿತು.
ರಾತ್ರಿ ಸೈರನ್ನು ಹೈವೇ ಹಿಡಿದು ಗೋವಾದ ಕಡೆ ಹೋಯಿತು.
ಬೆಳಿಗ್ಗೆ ಉಲ್ಲಾಸ ಹೇಳಿದ, ಹುಡುಗ ಉಳಿಯಲಿಲ್ಲ.
ನಾನು ಕೇಳಿದೆ:
ರಕ್ತ ಯಾವ ಗುಂಪು?

ಯಾರ ಮಗ ಅಂತ ಕೇಳುವ ಮೊದಲು.

ರುಕ್ಮಾಳ ಮಗ. ಸಾಯೀಶ.
ಬಲೆ ಸೂಜಿ ಹಿಡಿಯಲು ನನ್ನ ಬಳಿ ಕಲಿತವ,
ಗಂಟು ಬಿಗಿಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದವ.
ಆ ದಿನ ನಾನು ಹಾಕಿದ ಗಂಟೆಲ್ಲ ಜಾರಿದವು.

ಶೇವಂತಿಗೂ ಹೇಳಿರಲಿಲ್ಲ ಇದನ್ನು.
ಐರಿನ್‌ಗೆ ಹೇಳಿದೆ, ನನಗೆ ಸೂಜಿ ಚುಚ್ಚುವ ಹುಡುಗಿಗೆ,
ಅವಳು ಅತ್ತ ತಿರುಗಿ ಟೇಪು ಕತ್ತರಿಸುತ್ತಿದ್ದಾಗ.
ಅವಳು ಸಮಾಧಾನ ಹೇಳಲಿಲ್ಲ.
ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು.

ಹಂದಿಯ ಕಿಡ್ನಿ, ಮಾಮ.
ಸೋಪಿನ ನೀರು ಹಾಯಿಸಿ ಹಾಯಿಸಿ
ಒಳಗಿದ್ದ ಜೀವಕಣವೆಲ್ಲ ತೊಳೆದು ತೆಗೆದಿದ್ದಾರೆ.
ಬಿಳೀ. ಗಾಜಿನೊಳಗೆ ತೂಗುತ್ತಿದೆ
ತೆರೆ ದಂಡೆಗೆ ಎಸೆದ ಅಂಬಲಿ ಮೀನಿನ ಹಾಗೆ.
ಅದರಲ್ಲಿ ರೋಗಿಯದೇ ಕಣ ಬಿತ್ತಿ,
ಬೆಚ್ಚಗಿಟ್ಟು, ಉಣಿಸಿ, ಕಾಯುತ್ತಾರಂತೆ.
ಯಾರೂ ಸಾಯಬೇಕಾಗಿಲ್ಲ ಅಂದಳು. ಹಂದಿ ಬಿಟ್ಟು.

ಎಲ್ಲಿ ಕೂರಬೇಕು ಅಂತ ಕಣಕ್ಕೆ ಹೇಳುವವರು ಯಾರು?
ಆ ಬಲೆಯೇ ಹೇಳುತ್ತದೆ ಅಂದಳು.
ಹಾಗಂದಳೋ, ನನಗೆ ಹಾಗೆ ಕೇಳಿಸಿತೋ.

ಬಲೆಯ ಕಣ್ಣು ನನಗೆ ಗೊತ್ತು.
ಬಂಗಡೆಗೊಂದು ಅಳತೆ, ಶೆಟ್ಲಿಗೊಂದು.
ಹರಿದ ರಂಪಣಿಯನ್ನು ಮರಳಿಗೆ ಹರವಿ
ಮೂಲೆ ಹಿಡಿದು ಕೂತರೆ ಬೆರಳಿಗೇ ತಿಳಿಯುತ್ತದೆ
ಇಲ್ಲಿ ಎಷ್ಟು ಕಣ್ಣಿತ್ತು,
ಎಂಥದು ನುಗ್ಗಿ ಹೋಯಿತು.
ಆದರೆ ನಾನು ಹೊಲಿದ ಬಲೆಗೆ ಬಿದ್ದದ್ದು
ಯಾವುದೂ ಮತ್ತೆ ಉಸಿರಾಡಲಿಲ್ಲ.

ಯಾವಾಗ ಸಿಗುತ್ತದೆ ಕೇಳಿದೆ.
ಗೊತ್ತಿಲ್ಲ ಮಾಮ. ಹತ್ತು ವರ್ಷ. ಇಪ್ಪತ್ತು.
ಇಲಿಗೆ ಒಂದು ಮಾಡಿ ಜೋಡಿಸಿದ್ದರಂತೆ,
ನಾಲ್ಕು ಹನಿ ಉಚ್ಚೆ ಬಂತಂತೆ.
ಇಲಿ ಉಚ್ಚೆ ಹೊಯ್ದದ್ದಕ್ಕೆ ನಾವು ನಕ್ಕ ನಗುವಿಗೆ
ಪಕ್ಕದ ಮಂಚದ ಮಾಸ್ತರರು ಎಚ್ಚರಾದರು.
ಅವರಿಗೂ ಹೇಳಿದೆವು. ಅವರು ನಗಲಿಲ್ಲ.
ನಾಲ್ಕು ಹನಿಯೇ, ಅಂದರು.

ಲೆಕ್ಕ ನನಗೂ ಬರುತ್ತದೆ.
ಇಪ್ಪತ್ತು ವರ್ಷ ನನ್ನ ಹತ್ತಿರ ಇಲ್ಲ.

ಮೊನ್ನೆ ರಾತ್ರಿ ಮತ್ತೆ ಸೈರನ್ನು,
ಕಾಳಿ ಸೇತುವೆಯ ಕಡೆಗೆ.
ಎದ್ದು ಕೂತೆ. ಅದೇ ಪ್ರಶ್ನೆ ನಾಲಿಗೆಯ ತುದಿಗೆ ಬಂತು.
ಲೋಟಕ್ಕೆ ಲೆಕ್ಕವಿಲ್ಲದ ಎಂಜಲಿನ ಜೊತೆ ನುಂಗಿದೆ.
ಬದುಕಲಿ, ಅಂದೆ. ಗಟ್ಟಿಯಾಗಿಯೇ ಅಂದೆ.
ಯಾರು, ಎಂದು ಗೊಣಗಿ ಶೇವಂತಿ ಮಗ್ಗುಲಾದಳು.

ಸಾಯೀಶ ಅರ್ಧಕ್ಕೆ ಬಿಟ್ಟ ಒಂದು ಮಾರು ಬಲೆ
ಗೋಡೆಯ ಮೊಳೆಯಲ್ಲಿತ್ತು.
ಇಳಿಸಿಕೊಂಡೆ.
ಅವನ ಗಂಟು ತುಸು ಸಡಿಲ, ಕಣ್ಣು ಸೊಟ್ಟ.
ಬಿಚ್ಚಲಿಲ್ಲ.
ಅವನು ನಿಲ್ಲಿಸಿದಲ್ಲಿಂದಲೇ ಹಿಡಿದು
ಹಾಕುತ್ತಿದ್ದೇನೆ, ಒಂದೊಂದೇ,
ಬಲಗೈಯಿಂದ.