ಅಯಾಝ್ ಎಂದರೆ ಕೊರೆವ ಚಳಿ

ಅದಾನಾ ಊರಿನ ಜುಲೈ. ಡಾಂಬರು ಚಪ್ಪಲಿಗಂಟಿ
ಹದ ಬಂದ ಪಾಕದ ಹಾಗೆ ಎಳೆ ಬಿಡುತ್ತದೆ.
ನಾಯಿಪಾಡು ಎನ್ನುತ್ತಾರಲ್ಲ,
ನಗರಸಭೆಯ ದೊಡ್ಡಿಯಲ್ಲಿ, ತಗಡಿನ ನೆರಳಲ್ಲಿ ಕೂತು
ಅದರ ಲೆಕ್ಕ ಬರೆಯುವ ಕೆಲಸ ನನ್ನದು:
ಬಣ್ಣ, ವಯಸ್ಸು, ಹಲ್ಲು, ಹೆಸರು,
ಬಿಟ್ಟುಹೋಗಲು ಕಾರಣ.

ಬಣ್ಣ: ಬೂದಿ, ಬಿಳಿ. ಕಣ್ಣು: ನೀಲಿ,
ಇಲ್ಲವೇ ಒಂದು ನೀಲಿ, ಒಂದು ಜೇನು.
ಹೆಸರು: ಅಯಾಝ್.
ಕೆಳಗಿನ ಸಾಲಿನಲ್ಲೂ ಅಯಾಝ್.
ಪುಟ ತಿರುವಿದರೆ ಅಯಾಝ್.
ಮೇಲಿನಂತೆ ಎಂದು ಎರಡು ಗೀಟು ಹಾಕೋಣವೆಂದರೆ
ಮೇಲಧಿಕಾರಿ ಬಿಡುವುದಿಲ್ಲ.

ನಮ್ಮ ಮಾತಿನಲ್ಲಿ ಅಯಾಝ್ ಎಂದರೆ
ಮೋಡವಿಲ್ಲದ ಇರುಳಿನ ಕೊರೆವ ಚಳಿ,
ಬಾವಿಯ ಹಗ್ಗ ಕೋಲಾಗಿ ಸೆಟೆಯುವಂಥದ್ದು.
ನಾನು ಕಂಡಿಲ್ಲ. ಈ ಊರು ಕಂಡಿಲ್ಲ.
ಕಂಡದ್ದು ಮಂಗಳವಾರ ರಾತ್ರಿ ಎಂಟೂವರೆಗೆ,
ಟೀವಿಯಲ್ಲಿ: ಪೂರ್ವದ ಬೆಟ್ಟದ ಹಿಮ,
ಗಾಯಗೊಂಡು ಬಿದ್ದ ಗಡಿಕಾವಲಿನ ಹುಡುಗ,
ಅವನ ಎದೆಯ ಮೇಲೆ ಬೆಳತನಕ ಮಲಗಿ
ಉಸಿರು ಕಾಯುವ ನಾಯಿ.

ಊರಿಗೆ ಊರೇ ಅತ್ತಿತ್ತು.
ನಾನೂ ಅತ್ತೆ, ಸುಳ್ಳೇಕೆ,
ಒಲೆಯ ಮೇಲಿನ ಬದನೆಕಾಯಿ ಸೀದುಹೋಗುವವರೆಗೆ.
ಮಾರನೆಯ ತಿಂಗಳೇ ಇಳಿದವು ರಟ್ಟಿನ ಪೆಟ್ಟಿಗೆಗಳಲ್ಲಿ,
ಅಂಗೈಯಗಲದ ಹಿಮದ ಮರಿಗಳು,
ನಾಲ್ಕನೆಯ ಮಹಡಿಯ ಬಾಲ್ಕನಿಗೆ,
ನಿಶ್ಚಿತಾರ್ಥದ ಉಡುಗೊರೆಗೆ, ಕ್ಷೌರದಂಗಡಿಯ ಶೋಭೆಗೆ.
ಒಂದರ ಬೆಲೆ ನನ್ನ ಮೂರು ತಿಂಗಳ ಸಂಬಳ.

ಹಿಮದ ನಾಯಿಗೆ ಓಡಬೇಕು. ಬಾಲ್ಕನಿ ಆರು ಹೆಜ್ಜೆ.
ಅದು ಬೊಗಳುವುದು ಕಡಿಮೆ, ಊಳಿಡುವುದೇ ಹೆಚ್ಚು,
ಆಂಬುಲೆನ್ಸಿಗೆ, ರೈಲಿಗೆ,
ಪಕ್ಕದ ಮನೆಯ ಕೂಸಿನ ಅಳುವಿಗೆ ದನಿಗೂಡಿಸಿ.

ಕಾರಣದ ಕಾಲಮ್ಮಿನಲ್ಲಿ
ಅವರು ಹೇಳಿದ ಹಾಗೇ ಬರೆದಿದ್ದೇನೆ:
ಸೋಫಾ ತಿಂದಿತು.
ಕೂದಲು, ಅನ್ನದ ತಟ್ಟೆಯಲ್ಲೂ ಕೂದಲು.
ಮಗು ಹುಟ್ಟಿತು.
ಮನೆ ಬದಲಿಸಿದೆವು, ಅದೇ ಬೀದಿಯಲ್ಲಿ.
ಒಬ್ಬಳು ಮಾತಾಡಲೇ ಇಲ್ಲ. ಕೊರಳಪಟ್ಟಿ ಬಿಚ್ಚಿ
ಮೇಜಿನ ಮೇಲಿಟ್ಟಳು. ಬೆನ್ನು ತಿರುಗಿಸುವ ಮುನ್ನ
ಮಡಚಿಕೊಂಡಿದ್ದ ಅದರ ಕಿವಿಯನ್ನು ಸರಿಮಾಡಿದಳು.

ಧಾರಾವಾಹಿ ಮುಗಿಯಿತು ಎಂದು
ಯಾರೂ ಬರೆಸಲಿಲ್ಲ.

ಸಂಜೆ ಹುರ್ಷಿತ್ ಬರುತ್ತಾನೆ ಗಾಡಿ ತಳ್ಳಿಕೊಂಡು.
ಹೆರೆದ ಮಂಜಿನ ಬಿಜಿಬಿಜಿ ಮಾರುವವನು.
ಉಳಿದ ಗಡ್ಡೆ, ಗುಲಾಬಿ ಷರಬತ್ತಿನ ಕಲೆಯ ಚೂರು
ಬಕೆಟ್ಟಿಗೆ ಸುರಿಯುತ್ತಾನೆ.
ನಲವತ್ತು ಚಳಿಗಾಲಗಳು ನಾಲಿಗೆ ಚಾಚಿ ಸುತ್ತ ನಿಲ್ಲುತ್ತವೆ.
ಒಂದೆಲೆ ಅಲ್ಲಾಡುವುದಿಲ್ಲ.
‘ಇದರ ಹೆಸರೇನಕ್ಕ?’ ದಿನಾ ಕೇಳುತ್ತಾನೆ,
ದಿನಾ ತಾನೇ ನಗುತ್ತಾನೆ.
ಮುಖಕ್ಕೆ ಗುಲಾಬಿ ಬಣ್ಣ ಮೆತ್ತಿಕೊಂಡು
ಅವು ಬಕೆಟ್ಟಿನ ತಳ ನೆಕ್ಕುತ್ತವೆ.

ಇನ್ನೊಂದು ಮಾತು ಉಳಿದಿದೆ. ದಾಖಲೆಯಲ್ಲಿಲ್ಲ.
ಅದೇ ವರ್ಷ ನನ್ನ ಮಗಳು ನೆಸ್ಲಿಶಾ ಹೆತ್ತಳು. ಗಂಡು.
ಹೆಸರು ಹುಡುಕಿ ಕೊಟ್ಟವಳು ನಾನೇ,
ಕಣ್ಣೊರೆಸಿಕೊಳ್ಳುತ್ತ, ಒಂದು ಮಂಗಳವಾರ.
ನಾಯಿಯ ಹೆಸರಲ್ಲ, ಚಳಿಯ ಹೆಸರು ಎಂದು
ಬೀಗಿತ್ತಿಯೊಡನೆ ವಾದಿಸಿ ಗೆದ್ದಿದ್ದೆ.

ಈಗ ಅವನಿಗೆ ಆರು. ಶಾಲೆಗೆ ರಜೆ.
ದೊಡ್ಡಿಯ ಮೂಲೆಯ ನಲ್ಲಿ ಬಿಟ್ಟುಕೊಂಡು ಆಡುತ್ತಾನೆ.
ಬುತ್ತಿ ಬಿಚ್ಚಿ ಕೂಗುತ್ತೇನೆ:
ಅಯಾಝ್, ಬಾರೋ ಊಟಕ್ಕೆ.

ನಲವತ್ತೊಂದು ತಲೆಗಳು ತಿರುಗುತ್ತವೆ.
ಎಂಬತ್ತೆರಡು ಕಣ್ಣು, ಕಪ್ಪನೆಯವು ಎರಡೇ.
ಒಂದು ಗಳಿಗೆ ಎಲ್ಲರೂ ನಂಬುತ್ತಾರೆ
ಕರೆದದ್ದು ತಮ್ಮನ್ನೇ ಎಂದು.
ನಾನು ರೊಟ್ಟಿ ಹಿಡಿದ ಕೈಯನ್ನು ಕೆಳಗಿಳಿಸುತ್ತೇನೆ.

ಅವನು ಓಡಿಬಂದು ಒದ್ದೆ ಕೈಯಲ್ಲೇ ಬುತ್ತಿಗೆ ಕೈಹಾಕಿ
ಬಾಯ್ತುಂಬ ತುತ್ತಿಟ್ಟುಕೊಂಡು ಹೇಳುತ್ತಾನೆ:
‘ಅಜ್ಜೀ, ನನಗೆ ಇಂಥದ್ದು ಬೇಡ.
ಚಪ್ಪಟೆ ಮೂಗಿನದು ಬೇಕು, ಗುರುವಾರದ ನಾಯಿ.’

ಹೊಸ ಪುಸ್ತಕಕ್ಕೆ
ಗೆರೆ ಎಳೆಯುವುದು ಬಾಕಿಯಿದೆ.