ತೇಮಾನು

ಝವೇರಿ ಬಜಾರಿನ ಮೂರನೆಯ ಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ತೂಗುತ್ತಿದ್ದೇನೆ.
ಅಲ್ಲಿ ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ,
ಅರೆಗುಂಜಿ ಹಾರಿದರೂ ಸಂಜೆ ಜೇಬು ಕೊಡವುತ್ತಾರೆ.
ಅಂಥವನಿಗೆ ಡೊಂಬಿವಲಿಯ ಡಾಕ್ಟರು ಪೆಂಡಸೆ
ಬೆಕ್ಕಿನ ಹೊಟ್ಟೆ ಒತ್ತಿ ನೋಡಿ ಹೇಳಿದರು:
'ಅಂದಾಜಿಗೆ ಹಾಕಬೇಡಿ, ಅಳೆದು ಹಾಕಿ.'

ಅಂದಾಜು! ನನಗೆ!

ಗುಂಜಿಯನ್ನು ಎತ್ತಿಕೊಂಡು ಕಾಟಾ ಮೇಲೆ ನಿಂತೆ: ಅರವತ್ತೆಂಟು.
ಕೆಳಗಿಳಿಸಿ ನಿಂತೆ: ಅರವತ್ಮೂರೂ ಇನ್ನೂರು.
ಕಳೆದರೆ ಉಳಿದದ್ದು ಬೆಕ್ಕು,
ನಾಲ್ಕು ಕಿಲೋ ಎಂಟುನೂರು, ಕೊರಳ ಗೆಜ್ಜೆ ಸೇರಿ.
ಗೆಜ್ಜೆ ಬಿಚ್ಚಿ ಮತ್ತೊಮ್ಮೆ ನಿಂತೆ.
ಮನೆಯ ಕಾಟಾಕ್ಕೆ ಗೆಜ್ಜೆ ಎಲ್ಲಿ ಗೊತ್ತಾಗುತ್ತದೆ.

ಇರಬೇಕಾದ್ದು ನಾಲ್ಕು. ಕಿಲೋಗೆ ಐವತ್ತರಂತೆ ಇನ್ನೂರು ಕ್ಯಾಲರಿ.
ಪೊಟ್ಟಣದ ಬೆನ್ನಿನ ಇರುವೆಯಕ್ಷರ: ನೂರು ಗ್ರಾಮಿಗೆ ಮುನ್ನೂರ ಎಂಬತ್ತು.
ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಭಾಗಿಸಿದೆ:
ದಿನಕ್ಕೆ ಐವತ್ತೆರಡು ಗ್ರಾಮು, ಆರುನೂರ ಮೂವತ್ತು ಮಿಲಿ.
ಅದರಲ್ಲಿ ಭಾನುವಾರದ ಮಾಂದೇಲಿಯ ತಲೆಗಳು ವಜಾ.
ಬೆಳಗಿನ ಲೋಕಲ್ಲಿಗೆ ಮುಂಚೆ ಅರ್ಧ, ರಾತ್ರಿ ಬಂದು ಅರ್ಧ,
ಹಳೇ ತಕ್ಕಡಿಯಲ್ಲಿ ಕಾಳು ಕಾಳಾಗಿ ಇಳಿಸುತ್ತಿದ್ದರೆ
ಶೈಲಜಾ ಅಂದಳು, 'ನನ್ನ ಬೆಂಡೋಲೆಗೂ
ಇಷ್ಟು ಹೊತ್ತು ಕೂತವರಲ್ಲ ನೀವು.'

ತಿಂಗಳಾಯಿತು. ಐದು ಕಿಲೋ.

ಕಡಿಮೆ ಬಿದ್ದದ್ದಕ್ಕೆ ನಮ್ಮಲ್ಲಿ ದಾರಿಯುಂಟು.
ಕರಗಿಸುವಾಗ ಇಷ್ಟು, ಅರ ಹಾಕುವಾಗ ಇಷ್ಟು, ಮೆರುಗಿಗೆ ಇಷ್ಟು,
ತೇಮಾನು ಅಂತ ಬರೆದು ರುಜು ಹಾಕಿದರೆ ಮುಗಿಯಿತು.
ನೆಲದ ಧೂಳನ್ನೂ ಗುಡಿಸಿ ಮಾರುತ್ತೇವೆ.
ಹೆಚ್ಚು ಬಂದದ್ದನ್ನು ಬರೆಯಲು ಖಾನೆಯೇ ಇಲ್ಲ.
ಹೆಚ್ಚು ಬಂತು ಅಂದರೆ, ಶೇಠ್‌ಜಿ ಅನ್ನುತ್ತಿದ್ದರು,
ಇನ್ನಾರದೋ ಪುಡಿಕೆಯಲ್ಲಿ ಕಡಿಮೆಯಿದೆ, ಹುಡುಕು.

ಹುಡುಕಿದೆ. ಕೆಳಮಹಡಿಯ ದಮಯಂತಿ ಬೆನ್ ಅಂದರು,
'ಈರುಳ್ಳಿಯೂ ಹೊಸಿಲು ದಾಟದ ಮನೆ ಇದು,
ನಿಮ್ಮ ಬೆಕ್ಕು ಬಂದು ತಿನ್ನುವುದೇನು, ಖಾಖರಾ?'
ವಾಚ್‌ಮನ್ ತಾಯಾಣೆ ಹಾಕಿದ.
ಇಲಿ ಹಿಡಿಯುವ ಪೈಕಿಯದಲ್ಲ ನಮ್ಮದು,
ಜಿರಲೆ ಕಂಡರೂ ಅದೇ ಮಂಚ ಹತ್ತುತ್ತದೆ.

ಬುಧವಾರ ಕುರ್ಲಾದ ಹಳಿ ಮೇಲೆ ನೀರು.
ಠಾಣೆ ತನಕ ಹೋದವರೆಲ್ಲ ಮರಳಿದೆವು.
ಮಧ್ಯಾಹ್ನ ಬಾಗಿಲು ತೆರೆದರೆ
ಸಾನಿಕಾ ಊಟಕ್ಕೆ ಕೂತಿದ್ದಾಳೆ,
ಮುಂದೆ ತಟ್ಟೆ, ಪಕ್ಕದಲ್ಲಿ ಕೆಮಿಸ್ಟ್ರಿ.
ಮೇಜಿನಡಿ ಇಳಿಬಿದ್ದ ಎಡಗೈ.
ಬೆರಳ ತುದಿಯಲ್ಲಿ ಮುಳ್ಳು ಬಿಡಿಸಿದ ಮೀನು,
ಆಮೇಲೆ ತುಪ್ಪದನ್ನದ ಉಂಡೆ, ಆಮೇಲೆ ಮತ್ತೊಂದು.
ಗುಂಜಿಗೆ ಅವಸರವಿಲ್ಲ,
ಖಾತೆಯಿರುವ ಗಿರಾಕಿಯ ಹಾಗೆ ತಿನ್ನುತ್ತಿತ್ತು.

ಸಿಕ್ಕಿದೆಯಾ ಕಳ್ಳಿ, ಅನ್ನಲು ಬಾಯಿ ತೆರೆದೆ.
ಆಗ ಬಳೆ ಕಂಡಿತು.
ಹದಿನೈದು ತುಂಬಿದಾಗ ನಾನೇ ತೂಗಿ ತಂದದ್ದು,
ಎರಡು-ನಾಲ್ಕರ ಅಳತೆ,
ಸೋಪು ಹಚ್ಚಿ ತೊಡಿಸಿದಾಗ 'ಆಯೀ' ಅಂತ ಚೀರಿದ್ದಳು.
ಈಗ ಕೈ ಇಳಿದರೆ ಬೆರಳ ಗೆಣ್ಣಿಗೆ ಬಂದು ನಿಲ್ಲುತ್ತದೆ,
ಎತ್ತಿ ಕೂದಲು ಸರಿಸಿದರೆ ಮೊಳಕೈಗೆ ಜಾರುತ್ತದೆ.
ಎಷ್ಟು ತಿಂಗಳಿಂದ?
ಬಂಗಾರವೇನೋ ಅಷ್ಟೇ ಇದೆ,
ಹನ್ನೆರಡು ಗ್ರಾಮು ಮುನ್ನೂರು, ಕೂದಲೆಳೆಯಷ್ಟೂ ಸವೆದಿಲ್ಲ.

'ಸಡಿಲಾಗಿದೆಯಲ್ಲೇ,' ಅಂದೆ, 'ಸಣ್ಣ ಮಾಡಿಸಿ ತರಲಾ?'

ಬಳೆಯನ್ನು ಅವಳು ತಿರುಗಿಸಿದಳು, ತಿರುಗಿಸಿದಳು.
ಪುಸ್ತಕ ಮುಚ್ಚಿಹೋಯಿತು, ತೆರೆಯಲಿಲ್ಲ.
'ಬೇಡ ಅಪ್ಪ. ಇರಲಿ.'

ಕೊಡೆ ಇನ್ನೂ ಕೈಯಲ್ಲೇ ಇತ್ತು, ಸೋರುತ್ತಿತ್ತು.
ಮೂಲೆಗಿಟ್ಟು ತಟ್ಟೆ ತಂದು ಎದುರು ಕೂತೆ.
ಡಬ್ಬಿ ಗಾಡಿಯಲ್ಲೇ ಖಾಲಿ ಮಾಡಿದ್ದೆ, ಹಸಿವೆಯಿರಲಿಲ್ಲ.
ಅನ್ನ ಹಾಕಿಕೊಂಡೆ. ಅವಳ ತಟ್ಟೆಗೂ ಸ್ವಲ್ಪ.
ಸ್ವಲ್ಪ ಅಂದರೆ ಎಷ್ಟು, ಕೇಳಬೇಡಿ.
ಗುಂಜಿ ನನ್ನ ಕಾಲು ಮೂಸಿತು, ಅವಳದು ಮೂಸಿತು,
ಮೇಜಿನಡಿ ಕೂತು ಮೇಲೆ ನೋಡತೊಡಗಿತು.